ಹಿಂದಿನ ಸೀಟಿನ ಬ್ರೇಕು

ನನ್ನ ವೃತ್ತಿ ತಿರಸ್ಕರಿಸುವುದಾಗಿತ್ತು. ಕುಷಾಯಿಗೂಡದ ಹತ್ತಿರದ ದೊಡ್ಡ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೂತು, ಬೇರೆಯವರು ಮಾಡಿದ ವಸ್ತುಗಳನ್ನು ನಕ್ಷೆಯ ಪಕ್ಕದಲ್ಲಿಟ್ಟು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುತ್ತಿದ್ದೆ. ಇದರಿಂದ ದೇಶಕ್ಕೆ ಎಷ್ಟು ಉಪಕಾರವಾಯಿತೋ ಹೇಳಲಾರೆ. ನನಗೆ ಮಾತ್ರ ಮನೆಯಲ್ಲಿ ಚಪಾತಿಯ ಅಂಚನ್ನೂ ಸಂಶಯದಿಂದ ನೋಡುವ ಅಭ್ಯಾಸವಾಯಿತು.

ವಿಭಾಗಕ್ಕೆ ಸೇರಿದ ಮೊದಲ ವಾರವೇ ನನ್ನ ಹಿರಿಯ ಅಧಿಕಾರಿ ಒಂದು ಉಪದೇಶ ಮಾಡಿದ್ದರು. ವಸ್ತುವಿನಲ್ಲಿ ವ್ಯತ್ಯಾಸ ಕಂಡರೆ ಮಾಡಿದವನನ್ನು ಕಾರಣ ಕೇಳಬಾರದು. ಕೇಳಿದರೆ ಅವನ ಹತ್ತಿರ ಕಾರಣ ಇದ್ದೇ ಇರುತ್ತದೆ, ಮತ್ತು ಕಾರಣ ಕೇಳಿಸಿಕೊಂಡ ಮೇಲೆ ಕೆಂಪು ಚೀಟಿ ಕಟ್ಟಲು ಕೈ ಬರುವುದಿಲ್ಲ. ನಕ್ಷೆ ಕೇಳು, ನಕ್ಷೆ ಇಲ್ಲವೆಂದರೆ ತಿರಸ್ಕರಿಸು. ಗುರುಮುಖೇನ ಬಂದ ಈ ವಿದ್ಯೆಯನ್ನು ನಾನು ಒಂದು ದಿನವೂ ತಪ್ಪದೆ ಪಾಲಿಸಿದೆ. ಸ್ವಯಂನಿವೃತ್ತಿ ಪಡೆದು ಮನೆಗೆ ಬಂದ ಮೇಲೂ ಪಾಲಿಸಿದೆ. ಈ ಬರಹ ಅದರ ಬಗ್ಗೆಯೇ.

ಅವು ಊರಿನ ಪಶ್ಚಿಮಕ್ಕೆ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳು. ಗಚ್ಚಿಬೌಲಿಯ ಕಡೆಯವರು ಮೊದಲ ಸಂಬಳದಲ್ಲಿ ಮೊಬೈಲ್, ಎರಡನೆಯ ವರ್ಷದಲ್ಲಿ ಹೊಸ ಕಾರು ಕೊಳ್ಳುತ್ತಿದ್ದರು. ಆ ಹೊಸ ಕಾರಿನಲ್ಲಿ ಕೂತು ಸಿಗ್ನಲ್ಲಿನಲ್ಲಿ ಮುಕ್ಕಾಲು ತಾಸು ಕಳೆದು, ಬದುಕಿನ ಬಗ್ಗೆ ಚಿಂತನೆ ಮಾಡಿ, ಕೊನೆಗೆ ಹಳೆಯ ಕಾರಿನ ಹುಚ್ಚಿಗೆ ಬರುತ್ತಿದ್ದರು. ಒಂದು ಸಾಫ್ಟ್‌ವೇರ್ ಕಂಪನಿಯ ಹುಲ್ಲುಹಾಸಿನ ಮೇಲೆ ಹಳೆಯ ಕಾರುಗಳ ಪ್ರದರ್ಶನವಿದೆ ಎಂದು ಓದಿ ಎರಡು ಬಸ್ಸು ಬದಲಿಸಿ ಹೋಗಿದ್ದೆ. ಅಲ್ಲಿ ಟೊಪ್ಪಿಗೆ ಹಾಕಿಕೊಂಡ ಮೂವರು ಗೃಹಸ್ಥರು ಕೈಯಲ್ಲಿ ರಟ್ಟು, ಪೆನ್ಸಿಲ್ ಹಿಡಿದು, ಪ್ರತಿ ಕಾರಿನ ಪ್ರತಿ ತಿರುಪೂ ಕಾರ್ಖಾನೆಯಿಂದ ಹೊರಬಂದಾಗ ಇದ್ದದ್ದೇ ಹೌದೋ ಅಲ್ಲವೋ ಎಂದು ಬಗ್ಗಿ ನೋಡಿ ಅಂಕ ಕಳೆಯುತ್ತಿದ್ದರು. ನಾನು ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನು ಇವರು ಖುಷಿಗೆ ಮಾಡುತ್ತಿದ್ದರು. ಪರದೇಶದಲ್ಲಿ ತನ್ನ ಭಾಷೆ ಕೇಳಿದವನಂತೆ ನಿಂತುಬಿಟ್ಟೆ. ಅಂದೇ ನಿಶ್ಚಯಿಸಿದೆ: ಒಂದು ಹಳೆಯ ಕಾರು ಕೊಳ್ಳಬೇಕು, ನಕ್ಷೆಯಲ್ಲಿದ್ದಂತೆ ಮಾಡಬೇಕು, ಆ ಮೂವರ ಮುಂದೆ ನಿಲ್ಲಿಸಬೇಕು.

ಉಗ್ರಾಣ ವಿಭಾಗದಲ್ಲಿದ್ದ ನನ್ನ ಗೆಳೆಯ ಕಲಬುರಗಿ ಕಡೆಯವನು. ನನ್ನ ಜೊತೆಗೇ ಸ್ವಯಂನಿವೃತ್ತಿ ಪಡೆದು ಹೊತ್ತು ಹೋಗದೆ ಒದ್ದಾಡುತ್ತಿದ್ದ. ಮಲ್ಕಾಜ್‌ಗಿರಿಯಲ್ಲಿ ಒಂದು ಇಂಗ್ಲಿಷ್ ಕಾರು ಮಾರಾಟಕ್ಕಿದೆ ಎಂದು ಸುದ್ದಿ ತಂದವನು ಅವನೇ. ಸ್ಟೇಶನ್ನಿನ ಹಿಂದಿನ ಓಣಿ. ಯಜಮಾನರು ತೀರಿಕೊಂಡು ಮೂರು ವರ್ಷ. ಹೆಂಡತಿ ಗದಗಿನ ಕಡೆಯವರು, ಕನ್ನಡದಲ್ಲೇ ಮಾತಾಡಬಹುದು. ಯಜಮಾನರು ರೈಲ್ವೆಯಲ್ಲಿದ್ದರು ಎಂದೂ ಹೇಳಿದ. ಆ ಓಣಿಯಲ್ಲಿ ರೈಲ್ವೆಯಲ್ಲಿರದವರು ಯಾರೂ ಇಲ್ಲವಾದ್ದರಿಂದ ಅದನ್ನು ನಾವು ಮಾಹಿತಿ ಎಂದು ಪರಿಗಣಿಸಲಿಲ್ಲ.

ಒಂದು ಬೆಳಿಗ್ಗೆ ಹೋದೆವು. ಸುಮಾರು ಎಪ್ಪತ್ತರ, ಗಿಡ್ಡ ದೇಹದ ಹೆಂಗಸು ಗೇಟು ತೆಗೆದರು. ಟಾರ್ಪಾಲಿನ್ ಎಳೆದಾಗ ಕಂಡದ್ದು ಐವತ್ತರ ದಶಕದ ದುಂಡು ಮೂತಿಯ ಕಾರು. ಬಣ್ಣ ಮಾಸಿತ್ತು, ನಾಲ್ಕೂ ಚಕ್ರಗಳು ನೆಲಕ್ಕೆ ಕೂತಿದ್ದವು, ಆದರೆ ತಗಡು ಗಟ್ಟಿಯಿತ್ತು. ಬಾಗಿಲು ತೆರೆದೆ. ನಂತರ ಗೆಳೆಯನ ಮುಖ ನೋಡಿದೆ. ಅವನು ನನ್ನ ಮುಖ ನೋಡುತ್ತಿದ್ದ.

ಚಾಲಕನ ಪಕ್ಕದ ಸೀಟು ಇರಲಿಲ್ಲ. ಆ ಜಾಗದಲ್ಲಿ ಕರಿ ಬಣ್ಣದ ತಗಡಿನ ಟ್ರಂಕು ಒಂದನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರು. ಹಿಂದಿನ ಸೀಟಿನ ಎಡಭಾಗವನ್ನು ಅರ್ಧ ಮೊಳದಷ್ಟು ಎತ್ತರಿಸಿ ಬೇರೆ ಗಾದಿ ಹೊಲಿಸಿದ್ದರು. ಬಲಭಾಗ ಮೊದಲಿನಂತೆಯೇ ತಗ್ಗು. ಆ ಎತ್ತರದ ಗಾದಿಯ ಮುಂದೆ ನೆಲದಿಂದ ಒಂದು ಕಬ್ಬಿಣದ ಹಿಡಿ ಎದ್ದಿತ್ತು. ಅದರ ತುದಿಯ ಮರದ ಗುಂಡು ಅಂಗೈ ತಾಗಿ ತಾಗಿ ಮಿರುಗುತ್ತಿತ್ತು. ಬಗ್ಗಿ ನೋಡಿದರೆ ಅದರಿಂದ ಹೊರಟ ದಪ್ಪ ತಂತಿ ಕಾರಿನ ಹ್ಯಾಂಡ್ ಬ್ರೇಕಿಗೆ ಸೇರಿತ್ತು. ಅಂದರೆ ಹಿಂದೆ ಕೂತವರು ಗಾಡಿ ನಿಲ್ಲಿಸಬಹುದು. ಅದೇ ಮೂಲೆಯ ಚಾವಣಿಯಿಂದ ಒಂದು ನೂಲಿನ ಹಗ್ಗ, ಹಿತ್ತಾಳೆಯ ಸಣ್ಣ ಬಳೆಗಳ ಮೂಲಕ ತೂರಿ, ಚಾಲಕನ ಮೊಣಕಾಲಿನ ಹತ್ತಿರದ ಗಂಟೆಗೆ ಹೋಗಿತ್ತು. ಕೊನೆಯದಾಗಿ, ಎಡ ಹಿಂಬಾಗಿಲಿನ ಒಳಮೈಗೆ ಒಂದು ಗೇಣುದ್ದದ ಎರಡು ಕೊಳವೆಗಳನ್ನು ನೆಟ್ಟಗೆ ಬಿಗಿದಿದ್ದರು. ಎರಡೂ ಖಾಲಿ.

"ಸಾಹೇಬ್ರ," ಎಂದ ಗೆಳೆಯ, "ಇದು ನವಾಬರ ಮನಿ ಗಾಡಿ. ಬೇಗಂ ಹಿಂದ ಕೂತು ಹಗ್ಗ ಜಗ್ಗಾಕಿ, ಡ್ರೈವರ್ ನಿಂದ್ರಸಾಂವ."

"ಮತ್ತ ಈ ಬ್ರೇಕ್?"

"ಡ್ರೈವರ್ ಮಾತು ಕೇಳಲಿಲ್ಲಂದ್ರ ಬೇಗಂ ತಾನ ನಿಂದ್ರಸಾಕಿ."

"ನವಾಬರ ಬೇಗಂ ತಗಡಿನ ಟ್ರಂಕಿನ ಹಿಂದ ಕುಂದ್ರಾಕಿಲ್ಲ," ಎಂದು ನಾನು ಆ ವಾದವನ್ನು ಔಪಚಾರಿಕವಾಗಿ ತಳ್ಳಿಹಾಕಿದೆ. "ಈ ಕೊಳವಿ ಯಾಕಂತೀ?"

"ಊದಿನಕಡ್ಡಿ ಚುಚ್ಚಾಕ."

"ಇಷ್ಟು ದಪ್ಪ ಊದಿನಕಡ್ಡಿ ಯಾವ ದೇವರಿಗೆ ಹಚ್ಚತಾರೋ?"

"ಹಂಗಾರ ಇಲೆಕ್ಷನ್ ಝಂಡಾ. ಟ್ರಂಕಿನ್ಯಾಗ ಹ್ಯಾಂಡ್‌ಬಿಲ್. ಗಂಟಿ ಹೊಡದು ಜನಾ ಕರಿಯೂದು." ಅವನು ಆ ಮರದ ಗುಂಡು ಹಿಡಿದು ಎಳೆದು ನೋಡಿ, ದನಿ ತಗ್ಗಿಸುವ ಗೋಜಿಗೇ ಹೋಗದೆ ಹೇಳಿದ, "ಅಲ್ರಿ, ನನಗ ಗೊತ್ತಾತು. ಯಾವನೋ ಹೆಂಡ್ತಿ ಕೈಯಾಗ ಬ್ರೇಕ್ ಕೊಟ್ಟ ಗಂಡಸಿನ ಗಾಡಿ ಇದು."

ಇಬ್ಬರೂ ಜೋರಾಗಿ ನಕ್ಕೆವು. ನಗು ಮುಗಿಸಿ ತಲೆ ಎತ್ತಿದರೆ ಆ ತಾಯಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ತಾನೂ ನಗಬಹುದೇ ಎಂದು ಅನುಮತಿ ಕೇಳುವವರಂತೆ ನೋಡುತ್ತಿದ್ದರು.

"ನಗೂವಂಥಾದ್ದ ಐತಿ ಬಿಡ್ರಿ," ಎಂದರು. "ಯಾಕ ಮಾಡಿದ್ರಂತ ಹೇಳ್ಲೇನು?"

"ಇರಲಿ ಬಿಡ್ರಿ ಅಕ್ಕಾರ. ನಮಗ ಎಂಜಿನ್ ಒಂದ ನೋಡೂದೈತಿ," ಎಂದೆ ನಾನು.

ಇಪ್ಪತ್ತಾರು ವರ್ಷದ ಅಭ್ಯಾಸ ನನ್ನ ಬಾಯಿಂದ ಆ ಮಾತು ಆಡಿಸಿತು ಎಂದು ಈಗ ಹೇಳಬಹುದು. ಆಗ ನನಗೆ ಅದು ಬುದ್ಧಿವಂತಿಕೆ ಎನ್ನಿಸಿತ್ತು. ಅವರು ತಟ್ಟೆ ಕೆಳಗಿಟ್ಟರು.

ಮಾತುಕತೆಗೆ ಕಷ್ಟವಾಗಲಿಲ್ಲ. ಕೊಟ್ಟದ್ದಕ್ಕೆ ಒಪ್ಪಿದರು. ಕೊನೆಗೆ ಮಾತ್ರ ಸೆರಗು ಸರಿಮಾಡಿಕೊಂಡು, "ತಮ್ಮಾ, ನಂದು ಒಂದ ಮಾತು ಐತಿ," ಎಂದರು. "ಗಾಡಿ ನಡಿಯೂಹಂಗ ಆದಮ್ಯಾಲ ನನ್ನ ಒಮ್ಮೆ ಹಿಂದಿನ ಸೀಟಿನ್ಯಾಗ ಕುಂಡ್ರಿಸಿಕೊಂಡು ಮೌಲಾಲಿ ತನಕ ಹೋಗಿ ಬರ್ರಿ. ಅವರು ಹ್ವಾದಮ್ಯಾಲ ಗಾಡಿ ಹೊರಗ ತಗದಿಲ್ಲ. ಒಂದ ಸಲ ಕೂತ್ರ ಸಾಕು ನನಗ."

ಧಾರಾಳವಾಗಿ ಮಾತು ಕೊಟ್ಟೆ. ಮೌಲಾಲಿ ಏನು, ಚಾರ್‌ಮಿನಾರ್ ಸುತ್ತಿಸುತ್ತೇನೆ ಎಂದೆ. ಅವರು ತಲೆಯಲ್ಲಾಡಿಸಿದರು. ಮೌಲಾಲಿ ಸಾಕಾಗಿತ್ತು ಅವರಿಗೆ.

ಅಂದು ಸಂಜೆ ಉದ್ದನೆಯ ನೋಟುಬುಕ್ಕಿನಲ್ಲಿ ಗೆರೆ ಎಳೆದು ವರದಿ ಬರೆದೆ. ನಾಲ್ಕು ಅಂಕಣ: ಭಾಗ, ವ್ಯತ್ಯಾಸ, ಕಾರಣ, ಕ್ರಮ. ಐದು ಸಾಲು: ಟ್ರಂಕು, ಗಾದಿ, ಹಿಂದಿನ ಬ್ರೇಕು, ಹಗ್ಗ ಮತ್ತು ಗಂಟೆ, ಕೊಳವೆ ಎರಡು. ಕಾರಣದ ಅಂಕಣದಲ್ಲಿ ಐದೂ ಸಾಲಿಗೆ "ತಿಳಿದುಬಂದಿಲ್ಲ" ಎಂದು ಬರೆದೆ. ಕ್ರಮದ ಅಂಕಣದಲ್ಲಿ ಐದಕ್ಕೂ "ತೆಗೆಯುವುದು". ಕೆಳಗೆ ಸಹಿ ಹಾಕಿದೆ. ನೋಡಿದ ಗೆಳೆಯ, "ಪೆನ್ಶನ್ ಬಂದ್ರೂ ಚಟಾ ಹೋಗಿಲ್ಲ ನೋಡ್ರಿ," ಎಂದ.

ಗಾಡಿಯನ್ನು ಎಳೆಸಿಕೊಂಡು ಹೋಗಿ ಒಬ್ಬ ವಯಸ್ಸಾದ ಮಿಸ್ತ್ರಿಯ ಗ್ಯಾರೇಜಿನಲ್ಲಿ ಬಿಟ್ಟೆ. ಮಿಸ್ತ್ರಿ ಗಾಡಿಯ ಕೆಳಗೆ ಹೋದವರು ಬಹಳ ಹೊತ್ತು ಈಚೆಗೆ ಬರಲಿಲ್ಲ. ಬಂದಮೇಲೆ ಕೈ ಒರೆಸಿಕೊಳ್ಳುತ್ತ, "ಸಾಬ್, ಏ ಬ್ರೇಕ್ ಕು ನಿಕಾಲ್ನಾ ನಕ್ಕೋ," ಈ ಬ್ರೇಕು ತೆಗೆಯುವುದು ಬೇಡ, ಎಂದರು. ಇದನ್ನು ಮಾಡಿದವನು ಉಸ್ತಾದ. ತಂತಿ ಎಲ್ಲಿ ತಿರುಗಬೇಕೋ ಅಲ್ಲಿ ಪುಟ್ಟ ರಾಟೆ ಹಾಕಿದ್ದಾನೆ, ಎಲ್ಲಿ ಉಜ್ಜಬಹುದೋ ಅಲ್ಲಿ ಚರ್ಮ ಸುತ್ತಿದ್ದಾನೆ, ಮುಂದಿನವರು ಹಿಡಿದರೂ ಹಿಂದಿನವರು ಹಿಡಿದರೂ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಬಿಚ್ಚುವುದು ಸುಲಭ, ಮತ್ತೆ ಕೂರಿಸಲು ತನ್ನ ಕೈಯಲ್ಲಾಗದು ಎಂದರು. ನಾನು ವರದಿ ತೋರಿಸಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಗೆರೆ ಎಳೆದ ಕಾಗದದ ಮೇಲೆ ಸಹಿ ಕಂಡರೆ ಯಾವ ಭಾಷೆಯವನೂ ಸುಮ್ಮನಾಗುತ್ತಾನೆ. "ಆಪ್ ಕೀ ಮರ್ಜೀ," ಎಂದು ಸ್ಪ್ಯಾನರ್ ಎತ್ತಿಕೊಂಡರು.

ಕೆಲಸ ಎಂಟು ತಿಂಗಳು ನಡೆಯಿತು. ನಡುವೆ ಆ ತಾಯಿ ಎರಡು ಸಲ ಫೋನು ಮಾಡಿದ್ದರು. ಮೊದಲನೆಯ ಸಲ, "ಗಾಡಿ ಹ್ಯಾಂಗೈತಿ ತಮ್ಮಾ?" ಎಂದು ಕೇಳಿದರು, ಯಾರೋ ಸಂಬಂಧಿಕರು ಆಸ್ಪತ್ರೆಯಲ್ಲಿದ್ದಂತೆ. ಹೊಸದರ ಹಾಗೆ ಮಾಡಿಸುತ್ತಿದ್ದೇನೆ ಎಂದೆ. "ಹೊಸಾದು ಯಾಕ? ನಡದ್ರ ಸಾಕು," ಎಂದರು. ಎರಡನೆಯ ಸಲ ಫೋನು ಮಾಡುವ ಹೊತ್ತಿಗೆ ಎಂಜಿನ್ ಓಡುತ್ತಿತ್ತು. ಅವರನ್ನು ಕರೆದೊಯ್ಯಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಬಣ್ಣ ಬಾಕಿಯಿತ್ತು, ಪ್ರದರ್ಶನ ಹತ್ತಿರ ಬಂದಿತ್ತು, ಮಲ್ಕಾಜ್‌ಗಿರಿಯ ಗುಂಡಿಗಳಲ್ಲಿ ಇಳಿಸಿ ಏನಾದರೂ ಆದರೆ ಎಂಬ ಭಯವಿತ್ತು. "ಇನ್ನೊಂದು ಸ್ವಲ್ಪ ದಿನಾ ತಡೀರಿ ಅಕ್ಕಾರ," ಎಂದೆ. ತಡೆದರು.

ಬಿಚ್ಚಿ ತೆಗೆದ ಭಾಗಗಳು ಮನೆಯ ಹಿತ್ತಲಿಗೆ ಬಂದವು. ಟ್ರಂಕನ್ನು ನನ್ನ ಹೆಂಡತಿ ತೊಳೆದು ಒಣಗಿಸಿ ಕಂಬಳಿ ತುಂಬಿಟ್ಟಳು. "ನಿಮ್ಮ ಇಡೀ ಗಾಡಿಯೊಳಗ ಈ ಪೆಟ್ಟಿಗಿ ಒಂದ ಕೆಲಸಕ್ಕ ಬಂತು ನೋಡ್ರಿ," ಎಂದಳು. ಉಳಿದದ್ದು ಗುಜರಿ ಕೊಳ್ಳುವ ಕಬಾಡಿಯವನ ತಳ್ಳುಗಾಡಿಗೆ ಹೋಯಿತು. ಗಂಟೆ ಹೋಗುವಾಗ ಒಮ್ಮೆ ಟಣ್ ಎಂದಿತು. ನಾದ ಚೆನ್ನಾಗಿತ್ತು ಎಂದುಕೊಂಡದ್ದು ನೆನಪಿದೆ, ಆದರೂ ಕೊಟ್ಟೆ.

ಪ್ರದರ್ಶನದಲ್ಲಿ ಟೊಪ್ಪಿಗೆಯ ಮೂವರು ಬಗ್ಗಿ, ಎದ್ದು, ಮತ್ತೆ ಬಗ್ಗಿ, ನನ್ನ ಗಾಡಿಗೆ ಒಂದು ಪ್ರಶಸ್ತಿಪತ್ರ ಕೊಟ್ಟರು. ವಾಹನದ ಮೂಲರೂಪ ಉಳಿಸಿಕೊಂಡದ್ದಕ್ಕಾಗಿ. ಚಾವಣಿಯಲ್ಲಿ ಬಳೆಗಳಿದ್ದ ತೂತುಗಳಿಗೆ ನಾನು ತುಂಬಿಸಿದ್ದ ಪುಟ್ಟಿ ಅವರ ಕಣ್ಣಿಗೆ ಬೀಳಲಿಲ್ಲ. ತಪಾಸಕನಾಗಿ ಅವರ ಬಗ್ಗೆ ನನ್ನ ಗೌರವ ಅಲ್ಲೇ ಸ್ವಲ್ಪ ಇಳಿಯಿತು. ಪತ್ರವನ್ನು ಮಾತ್ರ ಎರಡೂ ಕೈಯಿಂದ ತೆಗೆದುಕೊಂಡೆ.

ಮುಂದಿನ ಭಾನುವಾರ ಬೆಳಿಗ್ಗೆ ಮಲ್ಕಾಜ್‌ಗಿರಿಗೆ ಹೋದೆ. ಆ ತಾಯಿ ಇಳಕಲ್ ಸೀರೆ ಉಟ್ಟು, ಹೂ ಮುಡಿಯದ ತಲೆಯನ್ನು ನೀಟಾಗಿ ಬಾಚಿಕೊಂಡು, ಗೇಟಿನ ಹೊರಗೇ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಚೀಲದಿಂದ ಎರಡು ಕೋಲಿನ ತುದಿಗಳು ಹೊರಗೆ ಕಾಣುತ್ತಿದ್ದವು.

"ಭಾಳ ಚಂದ ಆಗೇತಿ," ಎಂದರು ಗಾಡಿ ನೋಡಿ. ಎಡ ಹಿಂಬಾಗಿಲು ತೆರೆದವರು ಚೀಲವನ್ನು ಬಾಗಿಲಿನ ಒಳಮೈಗೆ ಒಯ್ದು, ಅಲ್ಲಿ ಕೊಳವೆಗಳಿಲ್ಲದ್ದನ್ನು ಕಂಡು, ಕೈ ಹಿಂದೆಗೆದುಕೊಂಡರು. ಹತ್ತಿ ಕೂತರು. ಗಾದಿ ತಗ್ಗಾಗಿತ್ತು, ಅವರ ಕಣ್ಣು ಕಿಟಕಿಯ ಅಂಚಿನ ಮಟ್ಟಕ್ಕೆ ಬಂತು. ನಾನು ನನ್ನ ಜಾಗದಲ್ಲಿ ಕೂತು ಕನ್ನಡಿಯಲ್ಲಿ ನೋಡುತ್ತಿದ್ದೆ. ಅವರ ಎಡಗೈ ತನ್ನಷ್ಟಕ್ಕೆ ಮೇಲೆ ಹೋಗಿ ಚಾವಣಿಯನ್ನು ಸವರಿತು. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ನಂತರ ತೊಡೆಯ ಮೇಲೆ ಬಂದು ಕೂತಿತು.

ನಾನು ಗಾಡಿ ಶುರು ಮಾಡಿ ಹೊರಟೆ. ಆನಂದಬಾಗ್ ದಾಟಿದೆವು.

"ಅಕ್ಕಾರ," ಎಂದೆ ಕೊನೆಗೆ, "ಅವೆಲ್ಲಾ ಯಾಕ ಮಾಡಿದ್ರು ಅವರು?"

ಕೇಳಬೇಕಾದ ಪ್ರಶ್ನೆಯನ್ನು ಕೇಳಲು ನಾನು ಒಂಬತ್ತು ತಿಂಗಳು ತೆಗೆದುಕೊಂಡಿದ್ದೆ. ಅವರು ಅದಕ್ಕೆ ಬೇಸರಿಸಿಕೊಳ್ಳದೆ ಹೇಳತೊಡಗಿದರು.

"ಅವರು ಎಂಜಿನ್ ಡ್ರೈವರ್ ಇದ್ರು. ರಿಟೈರ್ ಆಗಾಕ ಇನ್ನೂ ಆರು ವರ್ಷ ಇತ್ತು, ಎಡಗಣ್ಣು ಹೋತು. ಕಣ್ಣಿನ ಪರೀಕ್ಷಾದಾಗ ನಪಾಸ್ ಆಗಿ ಎಂಜಿನ್ ಮ್ಯಾಲಿಂದ ಇಳದು ಆಫೀಸಿನ್ಯಾಗ ಕುಂಡ್ರೂಹಂಗಾತು. ಕಾಗದಾ ತಿರವೂ ಕೆಲಸ. ಮನಿಗೆ ಬಂದು ಮಾತ ಆಡತಿದ್ದಿಲ್ಲ ತಮ್ಮಾ. ಒಂದಿನಾ ಈ ಗಾಡಿ ತಂದು ನಿಂದ್ರಿಸಿದ್ರು. ಎಡಕ್ಕ ಏನೂ ಕಾಣಂಗಿಲ್ಲ, ಹ್ಯಾಂಗ ನಡಸ್ತೀರಿ ಅಂದೆ. ನೀ ಗಾರ್ಡ್ ಆಗು ಅಂದ್ರು."

"ಮುಂದ ಬಾಜೂಕ ಕುಂದ್ರಬಹುದಿತ್ತಲ್ರಿ?"

"ನಾನೂ ಹಂಗ ಅಂದೆ. ಗಾರ್ಡ್ ಎಲ್ಲೆರ ಮುಂದ ಕುಂಡ್ರತಾನೇನು ಅಂತ ಬೈದ್ರು. ಮುಂದ ಅವರ ಡ್ಯೂಟಿ ಪೆಟ್ಟಿಗಿ. ರೈಲ್ವೇದಾಗ ಡ್ರೈವರ್ ತನ್ನ ಪೆಟ್ಟಿಗಿ ಬಿಟ್ಟು ಗಾಡಿ ಹತ್ತಂಗಿಲ್ಲ. ನಾ ಗಿಡ್ಡಕಿ, ಎಡಕ್ಕ ರಸ್ತೆ ಕಾಣಲಿ ಅಂತ ಗಾದಿ ಎತ್ತರ ಮಾಡಿದ್ರು. ಒಂದ ಗಂಟಿ ಹೊಡದ್ರ ನಿಲ್ಲು, ಎರಡ ಹೊಡದ್ರ ಹೋಗು. ಎರಡ ಗಂಟಿ ಕೇಳಲಾರದ ಅವರು ಗಾಡಿ ಬಿಡತಿದ್ದಿಲ್ಲ. ಒಮ್ಮೆ ಸಿಟ್ಟು ಬಂದು ನಾ ಗಂಟಿ ಹೊಡೀಲೇ ಇಲ್ಲ. ಮನಿ ಮುಂದ ಅರ್ಧಾ ತಾಸು ಕೂತ್ರು."

"ಕೂತ್ರು?"

"ಕೂತ್ರು. ರೂಲ್ ಅಂದ್ರ ರೂಲ್. ಓಣಿ ಮಂದಿ ಎಲ್ಲಾ ನೋಡಾಕತ್ತಿದ್ರು, ನನಗ ನಾಚಿಕಿ ಆಗಿ ಹೊಡದೆ." ಕನ್ನಡಿಯಲ್ಲಿ ಅವರು ನಗುತ್ತಿದ್ದರು.

"ಮತ್ತ ಬ್ರೇಕ್? ಅದನ್ನ ಎಂದರ ಜಗ್ಗೀರೇನು?"

"ಒಮ್ಮೆ. ಮೌಲಾಲಿ ಇಳಿಜಾರಿನ್ಯಾಗ. ಎಡಕ್ಕಿಂದ ಎಮ್ಮಿ ಬಂತು, ಗಂಟಿ ಹೊಡಿಯೂವಷ್ಟು ಟೈಮ್ ಇದ್ದಿಲ್ಲ, ಜಗ್ಗಿಬಿಟ್ಟೆ. ಗಾಡಿ ನಿಂತ್ತು. ಮನಿಗೆ ಬಂದು ಕಾಗದಾ ಪೆನ್ನು ಕೊಟ್ಟು ರಿಪೋರ್ಟ್ ಬರೀ ಅಂದ್ರು. ಗಾರ್ಡ್ ಬ್ರೇಕ್ ಹಾಕಿದ್ರ ಕಾರಣಾ ಬರದು ಕೊಡಬೇಕಂತ."

"ಬರದ್ರಿ?"

"ಬರದೆ. ಎಮ್ಮಿ ಅಂತ ಬರದೆ. ಓದಿ ಸಹಿ ಮಾಡಿ ಪೆಟ್ಟಿಗ್ಯಾಗ ಇಟ್ಟುಕೊಂಡ್ರು."

ಟ್ರಂಕಿನ ತಳದಲ್ಲಿ ಹಳೆಯ ಕಾಗದಗಳಿದ್ದವು. ನನ್ನ ಹೆಂಡತಿ ತೊಳೆಯುವಾಗ ಒದ್ದೆಯಾದ ಒಂದು ಕಟ್ಟನ್ನು ಎತ್ತಿ ತೋರಿಸಿ, ಇದು ಬೇಕೇನ್ರಿ ಎಂದು ಕೇಳಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ ಬೇಡ ಎಂದಿದ್ದೆ. ಇದನ್ನು ಆ ತಾಯಿಗೆ ನಾನು ಹೇಳಲಿಲ್ಲ. ಇಂದಿನವರೆಗೂ ಯಾರಿಗೂ ಹೇಳಿರಲಿಲ್ಲ.

"ಎಲ್ಲಾ ಮತ್ತ ಹಚ್ಚಿಸಿಕೊಡ್ತೀನ್ರಿ ಅಕ್ಕಾರ," ಎಂದೆ. "ಮದ್ಲ ಹ್ಯಾಂಗಿತ್ತು ಹಂಗ. ತಿಂಗಳೊಪ್ಪತ್ತಿನ್ಯಾಗ."

"ಬ್ಯಾಡ ತಮ್ಮಾ," ಎಂದರು. "ನಿಮ್ಮ ಎರಡೂ ಕಣ್ಣು ಚಲೋ ಅದಾವ. ಯಾರ ಸಲುವಾಗಿ ಗಂಟಿ ಹೊಡೀಲಿ?"

ಎಡಗಡೆಯಿಂದ ಒಂದು ಸಿಟಿ ಬಸ್ಸು ನುಗ್ಗಿ ಬಂತು. ನನಗೆ ಚೆನ್ನಾಗಿಯೇ ಕಂಡಿತು, ನಿಲ್ಲಿಸಿದೆ. ಬಸ್ಸು ಹೋಯಿತು, ರಸ್ತೆ ಖಾಲಿಯಾಯಿತು. ಆದರೂ ನಾನು ಹೊರಡಲಿಲ್ಲ. ಹಿಂದಿನಿಂದ ಏನಾದರೂ ಸದ್ದು ಬಂದೀತೆಂದು ಕಾದೆ. ನಮ್ಮ ಹಿಂದಿದ್ದ ಆಟೋದವನು ಹಾರ್ನ್ ಹೊಡೆದು ತೆಲುಗಿನಲ್ಲಿ ನನ್ನ ವಯಸ್ಸಿನ ಬಗ್ಗೆ ಏನೋ ಅಂದ. ಆಮೇಲೆ ಹೊರಟೆ.

ಮೌಲಾಲಿಯ ಗುಡ್ಡ ಎದುರಿಗೆ ಕಾಣುತ್ತಿತ್ತು. ಇನ್ನೂ ಅರ್ಧ ದಾರಿ ಇತ್ತು. "ಇಲ್ಲೇ ತಿರಗಿಸ್ರಿ," ಎಂದರು ಆ ತಾಯಿ. "ತಗ್ಗಿನ್ಯಾಗ ಕೂತು ನನಗ ರಸ್ತೆ ಕಾಣವಲ್ದು." ದೂರಿನ ದನಿಯಲ್ಲ. ಆದದ್ದನ್ನು ಆದಂತೆ ಹೇಳಿದ್ದು ಅಷ್ಟೆ. ತಿರುಗಿಸಿದೆ.

ಮನೆ ಮುಂದೆ ಇಳಿದು, ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು, ಚಹಾ ಕುಡಿದು ಹೋಗಿ ಎಂದರು. ಚೀಲದಲ್ಲಿ ಏನಿದೆ ಎಂದು ಈ ಸಲ ಕೇಳಿದೆ. ಒಂದು ಕೆಂಪು ಬಾವುಟ, ಒಂದು ಹಸಿರು. ಗಾಡಿ ಮಾರುವ ಹಿಂದಿನ ದಿನ, ಧೂಳಾಗುತ್ತವೆ ಎಂದು ಕೊಳವೆಗಳಿಂದ ತೆಗೆದು, ಒಗೆದು, ಇಸ್ತ್ರಿ ಮಾಡಿಸಿ ಇಟ್ಟಿದ್ದರಂತೆ.

ಮರುದಿನ ಕಬಾಡಿಯವನ ಹತ್ತಿರ ಹೋದೆ. ಅವನಿಗೆ ಗಂಟೆಯ ನೆನಪೇ ಇರಲಿಲ್ಲ. ಮಿಸ್ತ್ರಿಯ ಹತ್ತಿರ ಹೋದೆ. ಅವರು ಗಾಡಿಯ ಕೆಳಗೆ ಮಲಗಿ ನೋಡಿ ಎದ್ದುಬಂದು, ರಾಟೆ ಯಾವ ಜಾಗದಲ್ಲಿತ್ತು, ತಂತಿ ಎಷ್ಟು ಉದ್ದವಿತ್ತು, ಅಳತೆ ಬರೆದುಕೊಂಡಿದ್ದೀರಾ ಎಂದು ಕೇಳಿದರು. ನಕ್ಷೆ ಇಲ್ಲದ್ದನ್ನು ಜೀವಮಾನವೆಲ್ಲ ತಿರಸ್ಕರಿಸಿದ ನಾನು, ತೆಗೆಸುವ ಮೊದಲು ಒಂದು ಗೀಟನ್ನೂ ಎಳೆದಿರಲಿಲ್ಲ. ಅನ್ನಬೇಕಾದದ್ದನ್ನು ಮಿಸ್ತ್ರಿ ಮೊದಲೇ ಅಂದಿದ್ದರು.

ಕಂಬಳಿಗಳನ್ನು ಹೊರಗೆ ತೆಗೆದು ಟ್ರಂಕನ್ನು ಆ ತಾಯಿಗೆ ಒಯ್ದು ಕೊಟ್ಟೆ. ಅವರು ಮುಚ್ಚಳ ತೆರೆದು ಒಳಗೆ ನೋಡಿದರು. ಸ್ವಚ್ಛವಾಗಿತ್ತು. "ಚಲೋ ತೊಳದೀರಿ," ಎಂದು ಮುಚ್ಚಿದರು. ಉಳಿದ ನಾಲ್ಕರ ಬಗ್ಗೆ ಕೇಳಲಿಲ್ಲ.

ನೋಟುಬುಕ್ಕು ಇನ್ನೂ ನನ್ನ ಹತ್ತಿರ ಇದೆ. ತಪಾಸಣೆ ವಿಭಾಗದಲ್ಲಿ ವರದಿಯ ತಪ್ಪನ್ನು ಅಳಿಸುವಂತಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಕಾರಣದ ಅಂಕಣದಲ್ಲಿ "ತಿಳಿದುಬಂದಿಲ್ಲ" ಎಂಬುದರ ಮೇಲೆ ಐದು ಕಡೆಯೂ ಗೆರೆ ಎಳೆದೆ. ಐದು ಕಡೆಯೂ "ಕೇಳಲಿಲ್ಲ" ಎಂದು ಬರೆದೆ. ಸಹಿ ಹಾಕಿದೆ.